ಯಂತ್ರಕ್ಕೆ ಬೇಕಾದ ಕಾವು

ಬೆಂಕಿಯನ್ನು ಹುಟ್ಟಿಸುವುದು ಒಂದು ವಿದ್ಯೆ. ಹುಟ್ಟಿದ ಬೆಂಕಿಯನ್ನು ಹದದಲ್ಲಿಟ್ಟುಕೊಳ್ಳುವುದು ಮತ್ತೊಂದು ವಿದ್ಯೆ. ಮೊದಲನೆಯದನ್ನು ಮನುಷ್ಯನು ಅರಣಿಯ ಕಾಲದಲ್ಲಿಯೇ ಕಲಿತನು. ಎರಡನೆಯದನ್ನು ಇಂದಿಗೂ ಕಲಿಯುತ್ತಲೇ ಇದ್ದಾನೆ. ಹೆಪ್ಪು ಹಾಕುವ ಹಾಲು ಬೆಚ್ಚಗಿರಬೇಕಲ್ಲದೆ ಸುಡುತ್ತಿರಬಾರದೆಂಬುದನ್ನು ಮನೆಯ ಗೃಹಿಣಿಗೆ ಯಾರೂ ಶಾಸ್ತ್ರಮುಖದಿಂದ ಹೇಳಿಕೊಡಬೇಕಾಗಿಲ್ಲ. ಆದರೆ ಮಣಗಟ್ಟಲೆ ತೂಕದ ಕಬ್ಬಿಣದ ಯಂತ್ರವೊಂದು ಹಿಮದಲ್ಲಿ ಮರಗಟ್ಟಿ ನಿಂತಾಗ, ಅದಕ್ಕೆ ಕಾವನ್ನು ಎಲ್ಲಿ ಕೊಡಬೇಕು, ಎಷ್ಟು ಕೊಡಬೇಕು, ಯಾವುದರಿಂದ ಕೊಡಬೇಕು ಎಂಬ ಪ್ರಶ್ನೆ ಬಂದರೆ, ತಿಳಿದವರೂ ಅವಸರಕ್ಕೆ ಒಳಗಾಗಿ ಹದವನ್ನು ಮರೆಯುವುದುಂಟು. ಅಂಥ ಯಂತ್ರಗಳಲ್ಲಿ ಡೀಸೆಲ್ ಯಂತ್ರವು ಮುಖ್ಯವಾದುದು. ಶೀತದೇಶದಲ್ಲಿ ಅದಕ್ಕೆ ತಕ್ಕ ಹೀಟರನ್ನು ಆರಿಸುವ ಬಗೆಯನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಕನ್ನಡನಾಡಿನ ವಾಚಕರಿಗೆ ಈ ವಿಷಯವು ದೂರದ್ದಾಗಿ ತೋರಬಹುದು. ಇಲ್ಲಿಯ ಲಾರಿ ಚಾಲಕನ ಭಯವೆಲ್ಲ ಯಂತ್ರವು ಅತಿಯಾಗಿ ಕಾದೀತೆಂಬುದು. ಘಟ್ಟವನ್ನೇರುವಾಗ ರೇಡಿಯೇಟರಿನ ನೀರು ಕುದಿದೀತೆಂಬುದು. ಕೊಡಗು, ಚಿಕ್ಕಮಗಳೂರುಗಳ ಮಾಗಿಯ ಮುಂಜಾವಿನಲ್ಲಿ ತೋಟದ ಪಂಪಿನ ಎಂಜಿನ್ನು ಸ್ವಲ್ಪ ಹಠ ಮಾಡಿದರೂ ನಾಲ್ಕು ಸಲ ತಿರುಗಿಸಿದಾಗ ಹಠವನ್ನು ಬಿಡುತ್ತದೆ. ಆದರೆ ಕೆನಡಾದ ವಿನಿಪೆಗ್ ಮತ್ತು ಎಡ್ಮಂಟನ್, ಅಲಾಸ್ಕದ ಫೇರ್‌ಬ್ಯಾಂಕ್ಸ್ ಮೊದಲಾದ ಪಟ್ಟಣಗಳಲ್ಲಿ ಚಳಿಗಾಲದ ಉಷ್ಣಮಾನವು ಶೂನ್ಯಕ್ಕಿಂತ 30 ಡಿಗ್ರಿ ಸೆಂಟಿಗ್ರೇಡ್ ಕೆಳಗಿಳಿಯುವುದು ಅಪೂರ್ವವಲ್ಲ. ಅಲ್ಲಿ ನಿಂತ ವಾಹನಗಳ ಮೂತಿಯಿಂದ ವಿದ್ಯುತ್ತಿನ ತಂತಿಯೊಂದು ಇಳಿಬಿದ್ದಿರುವುದನ್ನು ಕಂಡು ಹೊಸಬರು ಬೆರಗಾಗುತ್ತಾರೆ. ಉದ್ಯೋಗಕ್ಕಾಗಿ ಆ ಊರುಗಳನ್ನು ಸೇರಿದ ಕನ್ನಡಿಗರಿಗೂ ಮೊದಲ ಚಳಿಗಾಲದಲ್ಲಿ ಕಲಿಯಬೇಕಾದ ಪಾಠಗಳಲ್ಲಿ ಈ ತಂತಿಯ ಪಾಠವೊಂದು. ಅಷ್ಟು ದೂರ ಹೋಗುವುದೇಕೆ? ಭಾರತದಲ್ಲಿಯೇ ಲಡಾಖ್ ಸೀಮೆಯ ಲೇಹ್, ಕಾರ್ಗಿಲ್, ದ್ರಾಸ್‌ಗಳಲ್ಲಿ ಡೀಸೆಲ್ ವಾಹನವನ್ನು ಬೆಳಗ್ಗೆ ಎಬ್ಬಿಸುವುದು ದೊಡ್ಡ ಕೆಲಸವೇ ಸರಿ.

ಇದು ಕೇವಲ ಅನುಕೂಲದ ಮಾತೂ ಅಲ್ಲ. ಉತ್ತರ ಅಮೆರಿಕದ ಬಯಲಿನಲ್ಲಿ ದನಗಳನ್ನು ಸಾಕಿರುವ ರೈತನು ಹಿಮಗಾಳಿಯ ಮರುದಿನ ಟ್ರ್ಯಾಕ್ಟರಿನ ಮೇಲೆಯೇ ಹುಲ್ಲನ್ನು ಹೊಲಕ್ಕೆ ಒಯ್ಯಬೇಕು. ಟ್ರ್ಯಾಕ್ಟರು ಏಳದಿದ್ದರೆ, ಮೈ ಬೆಚ್ಚಗಿಟ್ಟುಕೊಳ್ಳಲು ಮೇವೇ ಗತಿಯಾದ ದನಗಳು ಉಪವಾಸ ನಿಲ್ಲುತ್ತವೆ. ಮಂಜನ್ನು ತೆಗೆಯುವ ಬಂಡಿ ಏಳದಿದ್ದರೆ ದಾರಿ ಮುಚ್ಚುತ್ತದೆ. ದಾರಿ ಮುಚ್ಚಿದರೆ ರೋಗಿಯ ಬಳಿಗೆ ವಾಹನ ಬಾರದು. ಆಸ್ಪತ್ರೆಯಲ್ಲಿ ಪೇಟೆಯ ವಿದ್ಯುತ್ತು ನಿಂತಾಗ ಡೀಸೆಲ್ ಜನರೇಟರು ಕೂಡಲೇ ಎಚ್ಚರಗೊಳ್ಳಬೇಕು. ಪ್ರಾಣರಕ್ಷಣೆಯ ಉಪಕರಣಗಳಿಗೆ 10 ಸೆಕೆಂಡಿನೊಳಗೆ ವಿದ್ಯುತ್ತು ಮರಳಿ ಬರಬೇಕೆಂದು ಅಮೆರಿಕದಲ್ಲಿ ನಿಯಮವಿದೆ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದವನ ಆಯುಸ್ಸು ಹೀಗೆ ಹೊರಗಿನ ಕೊಠಡಿಯೊಂದರಲ್ಲಿ ನಿಂತ ಯಂತ್ರದ ಕಾವನ್ನು ಅವಲಂಬಿಸಿರುತ್ತದೆ.

ರೋಗಿಯ ಪ್ರಕೃತಿಯನ್ನು ಅರಿಯದೆ ಔಷಧವನ್ನು ನಿಶ್ಚಯಿಸಲಾಗದಷ್ಟೆ. ಆದುದರಿಂದ ಈ ಯಂತ್ರದ ಸ್ವಭಾವವನ್ನು ಮೊದಲು ತಿಳಿಯತಕ್ಕದ್ದು. ಪೆಟ್ರೋಲ್ ಯಂತ್ರದಲ್ಲಿ ವಿದ್ಯುತ್ತಿನ ಕಿಡಿಯೊಂದು ಇಂಧನವನ್ನು ಹೊತ್ತಿಸುತ್ತದೆ. ಡೀಸೆಲ್ ಯಂತ್ರದಲ್ಲಿ ಕಿಡಿಯಿಲ್ಲ. ಸಿಲಿಂಡರಿನೊಳಕ್ಕೆ ಬಂದ ಗಾಳಿಯನ್ನು ಪಿಸ್ಟನ್ನು ಅದರ ಹದಿನಾರನೆಯ ಅಥವಾ ಹದಿನೆಂಟನೆಯ ಒಂದು ಪಾಲಿನಷ್ಟು ಸ್ಥಳಕ್ಕೆ ಒತ್ತುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪಿನ ತುದಿ ಬಿಸಿಯಾಗುವುದನ್ನು ಬಾಲಕರೂ ಬಲ್ಲರು. ಹಾಗೆ ಕಾದ ಗಾಳಿಯೊಳಕ್ಕೆ ಎಣ್ಣೆಯನ್ನು ತುಂತುರಾಗಿ ಚಿಮ್ಮಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅಂದರೆ ಈ ಯಂತ್ರಕ್ಕೆ ಕಾವೇ ಕಿಡಿ.

ಇದನ್ನು ಕಲ್ಪಿಸಿದ ರುಡಾಲ್ಫ್ ಡೀಸೆಲ್ ಎಂಬಾತನು 1858ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಜರ್ಮನ್ ಮನೆತನದವನು. ಆತನ ಗುರುವಾದ ಕಾರ್ಲ್ ಫಾನ್ ಲಿಂಡೆಯು ಶೀತಯಂತ್ರಗಳಿಗೆ ಪ್ರಸಿದ್ಧನು. ಶಿಷ್ಯನು ಮೊದಲು ಉದ್ಯೋಗಕ್ಕೆ ಸೇರಿದುದು ಗುರುವಿನ ಮಂಜುಗಡ್ಡೆಯ ಉದ್ಯಮದಲ್ಲಿಯೇ. 1893ರಲ್ಲಿ ತನ್ನ ಯಂತ್ರಕ್ಕೆ ಸನ್ನದು ಪಡೆದು, 1897ರಲ್ಲಿ ಔಗ್ಸ್‌ಬರ್ಗ್ ನಗರದಲ್ಲಿ ಅದನ್ನು ಸಫಲವಾಗಿ ನಡೆಸಿ ತೋರಿಸಿದನು. ಮಂಜುಗಡ್ಡೆಯನ್ನು ಮಾಡಿಸುತ್ತಿದ್ದವನ ಕೈಯಿಂದ ಹುಟ್ಟಿದ ಯಂತ್ರವು ಮಂಜಿಗೇ ಅಂಜುವುದು ಒಂದು ವಿನೋದವೆನ್ನಬೇಕು.

ಅಂಜುವುದೇಕೆಂದರೆ, ಶೀತವು ಅದನ್ನು ಒಂದೇ ಕಡೆಯಿಂದಲ್ಲ, ನಾಲ್ಕು ಕಡೆಗಳಿಂದ ಹಿಡಿಯುತ್ತದೆ. ಮೊದಲನೆಯದು ಗಾಳಿ. ಹದಿನೆಂಟು ಪಾಲನ್ನು ಒಂದು ಪಾಲಿಗೆ ಒತ್ತುವ ಯಂತ್ರದಲ್ಲಿ, ಬೇರೆ ನಷ್ಟಗಳನ್ನು ಬಿಟ್ಟು ಸ್ಥೂಲವಾಗಿ ಲೆಕ್ಕ ಹಾಕಿದರೆ, 27 ಡಿಗ್ರಿಯ ಗಾಳಿಯು 600 ಡಿಗ್ರಿಗೂ ಮೇಲೆ ಏರುತ್ತದೆ. ಅದೇ ಗಾಳಿ ಶೂನ್ಯಕ್ಕಿಂತ 30 ಡಿಗ್ರಿ ಕೆಳಗಿದ್ದರೆ 500ನ್ನೂ ಮುಟ್ಟದು. ಹೊರಗೆ 57 ಡಿಗ್ರಿ ಕಡಿಮೆಯಾದರೆ ಒಳಗೆ 150 ಡಿಗ್ರಿಗೂ ಹೆಚ್ಚು ಕಡಿಮೆಯಾಯಿತು.

ಇಲ್ಲಿ ಒಂದು ಶಂಕೆ ಹುಟ್ಟಬಹುದು: ಡೀಸೆಲ್ ಎಣ್ಣೆಯು ಸುಮಾರು 250 ಡಿಗ್ರಿಯೊಳಗೆ ತಾನಾಗಿ ಹೊತ್ತಿಕೊಳ್ಳುವುದಾದರೆ, 500ರ ಹತ್ತಿರದ ಕಾವು ಸಾಲದೇ ಎಂದು. ಸಮಾಧಾನವೇನೆಂದರೆ, ಮೇಲಿನ ಲೆಕ್ಕದಲ್ಲಿ ಹುಟ್ಟಿದ ಕಾವೆಲ್ಲ ಗಾಳಿಯಲ್ಲಿಯೇ ಉಳಿಯಿತೆಂದು ಎಣಿಸಿದೆ. ವಾಸ್ತವದಲ್ಲಿ ತಣ್ಣಗಿನ ಸಿಲಿಂಡರಿನ ಗೋಡೆಯು ಆ ಕಾವನ್ನು ಹೀರಿಬಿಡುತ್ತದೆ. ಪಿಸ್ಟನ್ನಿನ ಬಳೆಗಳ ಸಂದಿನಿಂದ ಗಾಳಿಯೂ ಸೋರುತ್ತದೆ. ಯಂತ್ರವು ನಿಧಾನವಾಗಿ ತಿರುಗಿದಷ್ಟೂ ಹೀರುವುದಕ್ಕೂ ಸೋರುವುದಕ್ಕೂ ಹೆಚ್ಚು ಕಾಲ ದೊರೆಯುತ್ತದೆ. ಮೇಲಾಗಿ ಎಣ್ಣೆಯ ಹನಿಗಳು ಕಣ್ಣೆವೆಯಿಕ್ಕುವುದರೊಳಗೆ ಆವಿಯಾಗಿ ಹೊತ್ತಿಕೊಳ್ಳಬೇಕು. ಅದಕ್ಕೆ ಬರಿಯ ಅಂಚಿನ ಕಾವು ಸಾಲದು.

ಹಾಗಾದರೆ ಬೇಗ ತಿರುಗಿಸಬಾರದೇ ಎಂದರೆ, ಅಲ್ಲಿ ಎರಡನೆಯ ಮತ್ತು ಮೂರನೆಯ ತೊಡಕುಗಳು ಕಾದಿವೆ. ಎರಡನೆಯದು ಕೀಲೆಣ್ಣೆ. ಬೇಸಗೆಯಲ್ಲಿ ನೀರಿನಂತೆ ಹರಿಯುವ ಕೀಲೆಣ್ಣೆಯು ಆ ಚಳಿಯಲ್ಲಿ ಜೋನಿಬೆಲ್ಲದಂತಾಗಿ ಯಂತ್ರವನ್ನು ತಿರುಗಗೊಡಿಸದು. ಮೂರನೆಯದು ಬ್ಯಾಟರಿ. ಸೀಸದ ಬ್ಯಾಟರಿಯ ಶಕ್ತಿಯು ಶೂನ್ಯಕ್ಕಿಂತ 18 ಡಿಗ್ರಿ ಕೆಳಗೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹೊರೆ ಹೆಚ್ಚಿದ ಹೊತ್ತಿನಲ್ಲಿಯೇ ಹೊರುವವನ ಬಲ ಕುಗ್ಗಿತು. ನಾಲ್ಕನೆಯದು ಇಂಧನ. ಡೀಸೆಲ್ ಎಣ್ಣೆಯಲ್ಲಿ ಮೇಣದ ಅಂಶವಿರುವುದರಿಂದ, ಚಳಿ ಹೆಚ್ಚಿದಾಗ ಅದು ಮೊದಲು ಮಬ್ಬಾಗಿ, ಬಳಿಕ ಸಣ್ಣ ಹರಳುಗಳಾಗಿ ಶೋಧಕವನ್ನು ಕಟ್ಟಿಬಿಡುತ್ತದೆ. ಮಾಗಿಯಲ್ಲಿ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಯ ಸೀಸೆಯನ್ನು ಬಿಸಿಲಿಗಿಟ್ಟವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ನಾಲ್ಕನ್ನು ವಿಂಗಡಿಸಿಕೊಳ್ಳದೆ, ಯಂತ್ರ ಏಳಲಿಲ್ಲವೆಂಬ ಒಂದೇ ಮಾತನ್ನು ಹಿಡಿದು ಕೆಲಸಕ್ಕೆ ತೊಡಗುವವರು ಮೂರು ಬಗೆಯ ಅಡ್ಡದಾರಿಗಳನ್ನು ಹಿಡಿಯುತ್ತಾರೆ. ಮೊದಲನೆಯದು ಯಂತ್ರದ ಅಡಿಯಲ್ಲಿಯೋ ಎಣ್ಣೆಯ ತೊಟ್ಟಿಯ ಅಡಿಯಲ್ಲಿಯೋ ಬೆಂಕಿಯನ್ನು ಹಚ್ಚುವುದು. ಶೀತಪ್ರದೇಶದ ಲಾರಿಯವರು ಎಷ್ಟೋ ಕಡೆಗಳಲ್ಲಿ ಇದನ್ನು ಮಾಡುತ್ತ ಬಂದಿದ್ದಾರೆ. ರಬ್ಬರಿನ ಕೊಳವೆ, ತಂತಿಗಳ ಮೇಲಿನ ಹೊದಿಕೆ, ವರ್ಷಗಟ್ಟಲೆ ಸೋರಿ ಮೆತ್ತಿಕೊಂಡ ಎಣ್ಣೆ ಇವೆಲ್ಲವೂ ಬೆಂಕಿಗೆ ಆಹುತಿಯಾಗಲು ಸಿದ್ಧವಾಗಿಯೇ ಇರುತ್ತವೆ. ಒಂದು ಬೆಳಗಿನ ಕೆಲಸಕ್ಕಾಗಿ ವಾಹನವನ್ನೂ ಕೆಲವೊಮ್ಮೆ ಪ್ರಾಣವನ್ನೂ ಪಣಕ್ಕಿಟ್ಟಂತಾಯಿತು.

ಎರಡನೆಯದು ಈಥರನ್ನು ಗಾಳಿಯ ದ್ವಾರದೊಳಕ್ಕೆ ಚಿಮ್ಮಿಸುವುದು. ಈಥರು ಕಡಿಮೆ ಕಾವಿನಲ್ಲಿಯೇ ಹೊತ್ತಿಕೊಳ್ಳುವ ದ್ರವ. ತಯಾರಕರೇ ಅದಕ್ಕೆ ತಕ್ಕ ಅಳತೆಯ ಉಪಕರಣವನ್ನು ಕೊಟ್ಟಿರುವ ಯಂತ್ರಗಳ ಮಾತು ಬೇರೆ. ಗ್ಲೋ ಪ್ಲಗ್ಗುಗಳಾಗಲಿ ಗಾಳಿಯನ್ನು ಕಾಯಿಸುವ ತಂತಿಯ ಜಾಲವಾಗಲಿ ಇರುವ ಯಂತ್ರದಲ್ಲಿ ಅದನ್ನು ಚಿಮ್ಮಿಸಿದರೆ ಅಕಾಲದಲ್ಲಿ ಸ್ಫೋಟವಾಗಿ ಪಿಸ್ಟನ್ನು ಒಡೆಯಬಹುದು. ಚಿಮ್ಮಿಸಿದವನ ಮುಖ ಸುಡಬಹುದು. ಮೂರನೆಯದು ಯಂತ್ರವನ್ನು ರಾತ್ರಿಯೆಲ್ಲ ನಿಲ್ಲಿಸದೆ ಓಡಿಸುತ್ತಿರುವುದು. ದೊಡ್ಡ ಲಾರಿಯ ಎಂಜಿನ್ನು ನಿಂತಲ್ಲಿಯೇ ಓಡುತ್ತಿದ್ದರೆ ಗಂಟೆಗೆ ಸುಮಾರು 3 ಲೀಟರು ಎಣ್ಣೆಯನ್ನು ಕುಡಿಯುತ್ತದೆ. ಹತ್ತು ಗಂಟೆಯ ರಾತ್ರಿಗೆ 30 ಲೀಟರಾಯಿತು. ಹೊರೆಯಿಲ್ಲದೆ ಓಡುವ ಯಂತ್ರದಲ್ಲಿ ಎಣ್ಣೆ ಪೂರ್ಣವಾಗಿ ಉರಿಯದೆ ಮಸಿ ಕಟ್ಟುವುದಲ್ಲದೆ, ಉಳಿದುದು ಕೀಲೆಣ್ಣೆಯೊಡನೆ ಬೆರೆತು ಅದನ್ನು ಕೆಡಿಸುತ್ತದೆ. ಸೈಬೀರಿಯದ ಘೋರವಾದ ಚಳಿಯಲ್ಲಿ ಬೇರೆ ಗತಿಯಿಲ್ಲದೆ ಹೀಗೆ ಮಾಡುವವರನ್ನು ದೂಷಿಸಲಾಗದು. ಗತಿಯಿರುವಲ್ಲಿ ಮಾಡುವುದು ಮಾತ್ರ ಅವಿವೇಕ.

ಇವಕ್ಕೆ ಬದಲಾಗಿ ಮೆಲ್ಲನೆ ಕಾವು ಕೊಡುವ ಕ್ರಮವೂ ಹೊಸದಲ್ಲ. ಅಮೆರಿಕದ ಕ್ಯಾಟರ್‌ಪಿಲ್ಲರ್ ಸಂಸ್ಥೆಯವರು 1931ರಲ್ಲಿ ಡೀಸೆಲ್ ಟ್ರ್ಯಾಕ್ಟರನ್ನು ಹೊರತಂದಾಗ, ದೊಡ್ಡ ಯಂತ್ರವನ್ನು ಎಬ್ಬಿಸಲು ಅದರ ಪಕ್ಕದಲ್ಲಿ ಸಣ್ಣ ಪೆಟ್ರೋಲ್ ಯಂತ್ರವೊಂದನ್ನು ಇಟ್ಟಿದ್ದರು. ಮುಂದೆ ಇಂಥ ಯಂತ್ರಗಳಲ್ಲಿ, ಸಣ್ಣದರಲ್ಲಿ ಕಾದ ನೀರು ದೊಡ್ಡದರೊಳಗೂ ಸುತ್ತುವಂತೆ, ಸಣ್ಣದರ ಹೊಗೆಯ ಬಿಸಿ ದೊಡ್ಡದರ ಗಾಳಿಗೆ ತಾಗುವಂತೆ ಏರ್ಪಾಡು ಮಾಡಲಾಯಿತು. ತರುವಾಯ ಹಳ್ಳಿಹಳ್ಳಿಗೂ ವಿದ್ಯುತ್ತು ಬಂದಿತು. ನಾರ್ತ್ ಡಕೋಟ ಸಂಸ್ಥಾನದ ಗ್ರ್ಯಾಂಡ್ ಫೋರ್ಕ್ಸಿನಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘದ ಕೆಲಸದಲ್ಲಿದ್ದ ಆಂಡ್ರೂ ಫ್ರೀಮನ್ ಎಂಬಾತನು, ಯಂತ್ರದ ತಲೆಯ ಬೋಲ್ಟೊಂದರ ಸ್ಥಾನದಲ್ಲಿ ಕೂಡಿಸಬಹುದಾದ ವಿದ್ಯುತ್ ಹೀಟರನ್ನು ರಚಿಸಿದನು. ಅದಕ್ಕೆ 1949ರ ನವೆಂಬರ್ 8ರಂದು ಸನ್ನದು ದೊರೆಯಿತು. ಇಂದು ಶೀತದೇಶದ ವಾಹನಗಳಿಂದ ಇಳಿಬಿದ್ದಿರುವ ತಂತಿಗೆ ಇಂಥ ಪ್ರಯತ್ನಗಳೇ ಮೂಲ.

ಈಗ ದೊರೆಯುವ ಹೀಟರುಗಳನ್ನು, ಅವು ಯಾವ ಅಂಗಕ್ಕೆ ಕಾವು ಕೊಡುತ್ತವೆಂಬುದನ್ನು ಹಿಡಿದು ವಿಂಗಡಿಸುವುದು ಯುಕ್ತ. ಎಲ್ಲಕ್ಕಿಂತ ಪ್ರಚಾರದಲ್ಲಿರುವುದು ಬ್ಲಾಕ್ ಹೀಟರು. ಯಂತ್ರದ ಒಡಲಿನಲ್ಲಿ ಎರಕದ ಕಾಲದಲ್ಲಿ ಬಿಟ್ಟ ರಂಧ್ರವೊಂದರ ಮುಚ್ಚಳವನ್ನು ತೆಗೆದು ಅಲ್ಲಿ ಇದನ್ನು ಕೂಡಿಸುತ್ತಾರೆ. ಇದರ ಸುರುಳಿಯು ಒಳಗಿನ ತಂಪುದ್ರವದಲ್ಲಿ ಮುಳುಗಿದ್ದು, ನೀರೊಲೆಯ ಹಂಡೆಯಲ್ಲಿ ಬಿಸಿನೀರು ತಾನಾಗಿ ಮೇಲೇರುವಂತೆ, ಕಾವನ್ನು ಸಿಲಿಂಡರುಗಳ ಸುತ್ತ ಹರಡುತ್ತದೆ. ಕಾರು ಮತ್ತು ಸಣ್ಣ ಲಾರಿಗಳಿಗೆ 400ರಿಂದ 1000 ವಾಟಿನವರೆಗೆ, ದೊಡ್ಡ ಲಾರಿಗಳಿಗೆ 1000ದಿಂದ 1500 ವಾಟು ಅಥವಾ ಅದಕ್ಕೂ ಹೆಚ್ಚಿನ ಶಕ್ತಿಯವು ಬಳಕೆಯಲ್ಲಿವೆ. ಚಲಿಸುವ ಭಾಗವಿಲ್ಲದುದರಿಂದ ಕೆಡುವುದು ಕಡಿಮೆ. ಮೇಲೆ ಹೇಳಿದ ನಾಲ್ಕು ತೊಡಕುಗಳಲ್ಲಿ ಮೊದಲನೆಯದಕ್ಕೆ, ಅಂದರೆ ಗಾಳಿಯ ಕಾವನ್ನು ಹೀರುವ ತಣ್ಣನೆಯ ಗೋಡೆಗೆ, ಇದು ನೇರವಾದ ಔಷಧ. ಕೀಲೆಣ್ಣೆಗೆ ಇದರ ಕಾವು ಅಲ್ಪಸ್ವಲ್ಪ ತಲಪುತ್ತದೆ. ಬ್ಯಾಟರಿಗೂ ಇಂಧನಕ್ಕೂ ತಲಪದು.

ಎರಡನೆಯದು ಹೊರಗಡೆ ಕೂಡಿಸುವ ತೊಟ್ಟಿಯ ಹೀಟರು. ಯಂತ್ರದ ಕೆಳಭಾಗದಿಂದ ತಣ್ಣನೆಯ ದ್ರವವನ್ನು ಪಡೆದು, ಕಾಯಿಸಿ, ಮೇಲುಭಾಗಕ್ಕೆ ಕಳುಹಿಸುತ್ತದೆ. ಕೆಲವು ಹೀಟರುಗಳಲ್ಲಿ ಸಣ್ಣ ಪಂಪೂ ಇರುವುದು. ಅಂಥವು ಕಾವನ್ನು ಎಲ್ಲ ಕಡೆಗೂ ಸಮನಾಗಿ ಹಂಚುತ್ತವೆ. ಸದಾ ಸಿದ್ಧವಾಗಿರಬೇಕಾದ ಆಸ್ಪತ್ರೆಯ ಜನರೇಟರಿಗೆ, ಥರ್ಮೋಸ್ಟಾಟಿನ ಹಿಡಿತದಲ್ಲಿ ಹಗಲಿರುಳೂ ಕಾಯುತ್ತಿರುವ ಈ ಜಾತಿಯೇ ತಕ್ಕುದು. ಪಂಪಿಲ್ಲದ ಹೀಟರನ್ನು ಯಂತ್ರಕ್ಕಿಂತ ತಗ್ಗಿನಲ್ಲಿ ಕೂಡಿಸಬೇಕು. ಕೊಳವೆಯು ಎಲ್ಲಿಯೂ ಬಳುಕದೆ ಮೇಲುಮೇಲಕ್ಕೇ ಹೋಗಬೇಕು. ನಡುವೆ ಗಾಳಿಯ ಗುಳ್ಳೆ ಸಿಕ್ಕಿದರೆ ದ್ರವ ಸುತ್ತುವುದಿಲ್ಲ; ಸುತ್ತದಿದ್ದರೆ ಸುರುಳಿ ಸುಟ್ಟುಹೋಗುತ್ತದೆ.

ಮೂರನೆಯದು ಕೀಲೆಣ್ಣೆಯ ತಟ್ಟೆಯ ಅಡಿಗೆ ಅಂಟಿಸುವ ಸಿಲಿಕೋನಿನ ಹಾಳೆ. ಇದರ ಶಕ್ತಿ ಅಲ್ಪ. ಅಲ್ಪವಾಗಿರುವುದೇ ಇದರ ಗುಣ. ಒಂದೇ ಚುಕ್ಕೆಯಲ್ಲಿ ಬಲವಾದ ಕಾವು ಕೊಟ್ಟರೆ ಎಣ್ಣೆ ಸೀದು ಕರಿಯಾಗುತ್ತದೆ. ನಾಲ್ಕನೆಯದು ಬ್ಯಾಟರಿಗೆ ಹೊದಿಸುವ ವಿದ್ಯುತ್ ಕಂಬಳಿ. ಇವೆರಡೂ ಬ್ಲಾಕ್ ಹೀಟರಿಗೆ ಸಂಗಾತಿಗಳೇ ಹೊರತು ಪ್ರತಿಸ್ಪರ್ಧಿಗಳಲ್ಲ.

ಐದನೆಯದು ಇಂಧನವನ್ನೇ ಉರಿಸಿ ತಂಪುದ್ರವವನ್ನು ಕಾಯಿಸುವ ಹೀಟರು. ಜರ್ಮನಿಯ ವೆಬಾಸ್ಟೊ ಮತ್ತು ಎಬರ್‌ಸ್ಪೇಕರ್ ಸಂಸ್ಥೆಗಳವರು ಇದನ್ನು ಮಾಡುವುದರಲ್ಲಿ ಹೆಸರಾದವರು. ವಿದ್ಯುತ್ತಿನ ಕಂಬವಿಲ್ಲದ ಕಾಡಿನಲ್ಲಿಯೂ ಹೆದ್ದಾರಿಯ ಬದಿಯಲ್ಲಿಯೂ ಇದೇ ಆಶ್ರಯ. 5 ಕಿಲೋವಾಟಿನ ಹೀಟರು ಪೂರ್ಣಶಕ್ತಿಯಲ್ಲಿ ಗಂಟೆಗೆ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ಎಣ್ಣೆಯನ್ನು ಬಳಸುತ್ತದೆ. ಯಂತ್ರವನ್ನೇ ಓಡಿಸಿದಾಗಿನ 3 ಲೀಟರಿನೊಡನೆ ಇದನ್ನು ಹೋಲಿಸಿ ನೋಡಬಹುದು. ಆದರೆ ಇದರ ಬೆಲೆ ಹೆಚ್ಚು. ಪಂಪಿಗೂ ಬೀಸಣಿಗೆಗೂ ಬ್ಯಾಟರಿಯ ಶಕ್ತಿ ಬೇಕು. ಇದಕ್ಕೆ ಬರುವ ಎಣ್ಣೆಯೇ ಹೆಪ್ಪುಗಟ್ಟಿದ್ದರೆ ಇದೂ ನಿರುಪಾಯ. ಎಲ್ಲಕ್ಕಿಂತ ಮುಖ್ಯವಾಗಿ, ಇದು ಹೊಗೆಯುಗುಳುವ ಒಲೆಯೆಂಬುದನ್ನು ಮರೆಯಬಾರದು. ಮುಚ್ಚಿದ ಕೊಟ್ಟಿಗೆಯಲ್ಲಿ ಇದನ್ನು ಹಚ್ಚಿದರೆ, ವಾಸನೆಯೂ ಬಣ್ಣವೂ ಇಲ್ಲದ ಕಾರ್ಬನ್ ಮಾನಾಕ್ಸೈಡೆಂಬ ವಿಷವಾಯುವು ನಿದ್ರಿಸುವವನನ್ನು ನಿದ್ರೆಯಲ್ಲಿಯೇ ಕೊಲ್ಲಬಲ್ಲದು.

ಗ್ಲೋ ಪ್ಲಗ್ಗುಗಳಿರುವಾಗ ಇವೆಲ್ಲ ಏಕೆಂದು ಕೆಲವರು ಕೇಳುವುದುಂಟು. ಗ್ಲೋ ಪ್ಲಗ್ಗು ಬ್ಯಾಟರಿಯ ಬಲದಿಂದ ಕೆಲವು ಕ್ಷಣ ಕೆಂಪಾಗಿ ಕಾದು, ಸಿಲಿಂಡರಿನೊಳಗಿನ ಒಂದು ಬಿಂದುವನ್ನು ಬಿಸಿ ಮಾಡುತ್ತದೆ. ಅದು ಹೊತ್ತಿಸುವ ಸಾಧನವೇ ಹೊರತು ಯಂತ್ರವನ್ನು ಕಾಯಿಸುವ ಸಾಧನವಲ್ಲ. ಕೀಲೆಣ್ಣೆಯನ್ನು ತೆಳ್ಳಗೆ ಮಾಡುವ ಶಕ್ತಿ ಅದಕ್ಕಿಲ್ಲ. ಹೀಟರಾದರೋ ತಾರ್ಕಿಕರು ಹೇಳುವ ಸಹಕಾರಿ ಕಾರಣದಂತಿರುವುದು. ತಾನು ಹೊತ್ತಿಸದು, ಹೊತ್ತಿಕೊಳ್ಳುವುದಕ್ಕೆ ಇರುವ ಅಡ್ಡಿಗಳನ್ನು ಮೆಲ್ಲನೆ ನಿವಾರಿಸುವುದು. ಒಂದು ಇದ್ದ ಮಾತ್ರಕ್ಕೆ ಇನ್ನೊಂದು ವ್ಯರ್ಥವಾಗದು.

ಹೀಗೆ ಬಗೆಗಳನ್ನು ತಿಳಿದ ಮೇಲೆ ಆಯ್ಕೆಯ ಕ್ರಮ ಸುಲಭವಾಗುತ್ತದೆ. ಮೊದಲು ಸ್ಥಳವನ್ನು ನೋಡಬೇಕು: ರಾತ್ರಿ ಯಂತ್ರವು ನಿಲ್ಲುವಲ್ಲಿ ವಿದ್ಯುತ್ತು ಇದೆಯೇ? ಇದ್ದರೆ ವಿದ್ಯುತ್ ಹೀಟರು. ಇಲ್ಲದಿದ್ದರೆ ಇಂಧನದ ಹೀಟರು. ಎರಡನೆಯದಾಗಿ ಕಾಲ: ಯಾವ ಹೊತ್ತಿಗೆ ಏಳಬೇಕೆಂಬುದು ಮೊದಲೇ ಗೊತ್ತಿದೆಯೇ? ಗೊತ್ತಿದ್ದರೆ ಟೈಮರಿನಿಂದ ಕೆಲವು ಗಂಟೆಗಳ ಕಾವು ಸಾಕು. ಕರೆ ಬಂದ ಕ್ಷಣದಲ್ಲಿ ಏಳಬೇಕಾದ ಯಂತ್ರಕ್ಕೆ ನಿರಂತರವಾದ ಕಾವು ಬೇಕು. ಮೂರನೆಯದಾಗಿ ಪಾತ್ರ: ಯಂತ್ರದ ತೂಕವೆಷ್ಟು, ಅದರ ತಯಾರಕನು ಯಾವ ರಂಧ್ರವನ್ನು ಇದಕ್ಕೆಂದು ಗೊತ್ತುಮಾಡಿದ್ದಾನೆ? ದೇಶ, ಕಾಲ, ಪಾತ್ರಗಳನ್ನು ನೋಡಿ ದಾನ ಮಾಡಬೇಕೆಂದು ಹಿರಿಯರು ಹೇಳುವರು. ಕಾವಿನ ದಾನಕ್ಕೂ ಅದೇ ನಿಯಮ ಸಲ್ಲುವುದು.

ವಾಟಿನ ಪ್ರಮಾಣವನ್ನು ಊಹೆಗೆ ಬಿಡಬೇಕಾಗಿಲ್ಲ. 300 ಕಿಲೋಗ್ರಾಂ ಕಬ್ಬಿಣವೂ 20 ಲೀಟರು ತಂಪುದ್ರವವೂ ಇರುವ ಯಂತ್ರವನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 210 ಕಿಲೋಜೌಲು ಉಷ್ಣ ಬೇಕು. 1000 ವಾಟಿನ ಹೀಟರಿಗೆ ಅದು ಮೂರೂವರೆ ನಿಮಿಷದ ಕೆಲಸ. ಗಂಟೆಗೆ 17 ಡಿಗ್ರಿಯಾಯಿತು. ಹೊರಗಿನ ಚಳಿಗೆ ಸೋರಿಹೋಗುವ ಪಾಲನ್ನು ಕಳೆದರೆ ಏರಿಕೆ ಇದಕ್ಕಿಂತ ಕಡಿಮೆ. ಯಂತ್ರವು ಬೆಚ್ಚಗಾದಷ್ಟೂ ಸೋರಿಕೆ ಹೆಚ್ಚುತ್ತ ಹೋಗಿ, ಕೊನೆಗೆ ಕೊಟ್ಟಷ್ಟೂ ಸೋರುವ ಸ್ಥಿತಿ ಬರುತ್ತದೆ. ಆದುದರಿಂದಲೇ ಮೂರು ನಾಲ್ಕು ಗಂಟೆಗಳ ಮೇಲೆ ಕಾಯಿಸಿದರೆ ಲಾಭವು ಅಲ್ಪ. ಮೂರು ಗಂಟೆಗೆ 3 ಯೂನಿಟ್ಟು ಸಾಕಾಗುವಲ್ಲಿ ಹತ್ತು ಗಂಟೆಗೆ 10 ಯೂನಿಟ್ಟನ್ನು ವ್ಯಯಮಾಡುವುದು ಮರೆವಿಗೆ ತೆರುವ ದಂಡ. ಬೆಳಗಿನ ಏಳು ಗಂಟೆಗೆ ಹೊರಡುವವನು ನಾಲ್ಕು ಗಂಟೆಗೆ ಕಾವು ಮೊದಲಾಗುವಂತೆ ಟೈಮರನ್ನು ತಿರುಗಿಸಿಟ್ಟು ಸುಖವಾಗಿ ಮಲಗಬಹುದು.

ಹೆಚ್ಚು ವಾಟಿನದನ್ನು ಕೊಂಡರೆ ಬೇಗ ಮುಗಿಯುವುದಲ್ಲವೇ ಎಂದರೆ, ದ್ರವವು ಕಾವನ್ನು ಕೊಂಡೊಯ್ಯುವ ವೇಗಕ್ಕೆ ಒಂದು ಮಿತಿಯುಂಟು. ಆ ಮಿತಿಯನ್ನು ಮೀರಿದರೆ ಸುರುಳಿಯ ಸುತ್ತಲಿನ ದ್ರವ ಕುದಿಯುತ್ತದೆ, ದೂರದ ಸಿಲಿಂಡರು ತಣ್ಣಗೆ ಉಳಿಯುತ್ತದೆ. ಹೆಚ್ಚಿನ ವಾಟಿಗೆ ದಪ್ಪನೆಯ ತಂತಿಯೂ ಬೇಕು. ಅಮೆರಿಕದ 120 ವೋಲ್ಟಿನಲ್ಲಿ 1500 ವಾಟಿನ ಹೀಟರು ಹನ್ನೆರಡೂವರೆ ಆಂಪಿಯರನ್ನು ಎಳೆಯುತ್ತದೆ. ಮನೆಯೊಳಗಿನ ದೀಪಕ್ಕೆ ಬಳಸುವ ತೆಳ್ಳನೆಯ ತಂತಿಯನ್ನು ಇದಕ್ಕೆ ಜೋಡಿಸಿದರೆ ಅದು ಹಿಮದ ನಡುವೆಯೂ ಕಾದು ಉರಿಯಬಹುದು. ಹೊರಾಂಗಣಕ್ಕೆಂದೇ ಮಾಡಿದ, ಭೂಸಂಪರ್ಕದ ಮೂರನೆಯ ಕಡ್ಡಿಯಿರುವ ತಂತಿಯನ್ನೇ ಬಳಸತಕ್ಕದ್ದು. ಭಾರತದವರು ಗಮನಿಸಬೇಕಾದ ಇನ್ನೊಂದು ಮಾತಿದೆ. ಅಮೆರಿಕದಿಂದ ತರಿಸಿದ 120 ವೋಲ್ಟಿನ ಹೀಟರನ್ನು ಇಲ್ಲಿಯ 230 ವೋಲ್ಟಿಗೆ ಸೇರಿಸಿದರೆ ಅದರಲ್ಲಿ ಹುಟ್ಟುವ ಕಾವು ಇಮ್ಮಡಿಯಲ್ಲ, ಮೂರೂವರೆ ಮಡಿಗೂ ಮೀರುತ್ತದೆ. ಸುರುಳಿ ಬಹುಕಾಲ ಬಾಳದು.

ತಂಪುದ್ರವದ ಕಡೆಗೂ ದೃಷ್ಟಿಯಿರಬೇಕು. ಗ್ಲೈಕಾಲೂ ನೀರೂ ಸಮಪಾಲಾಗಿ ಬೆರೆತ ದ್ರವವು ಶೂನ್ಯಕ್ಕಿಂತ ಸುಮಾರು 37 ಡಿಗ್ರಿ ಕೆಳಗಿನವರೆಗೆ ಹೆಪ್ಪುಗಟ್ಟದು. ಗ್ಲೈಕಾಲು ಹೆಚ್ಚಾದಷ್ಟೂ ಒಳ್ಳೆಯದೆಂದು ತಿಳಿದು ಅದನ್ನೇ ತುಂಬಿದರೆ, ದ್ರವ ಮಂದವಾಗಿ ಕಾವನ್ನು ಸಾಗಿಸಲಾರದೆ ಹೀಟರು ಕೆಡುತ್ತದೆ. ದ್ರವ ತುಂಬಿ ಗಾಳಿಯನ್ನು ಹೊರಡಿಸುವುದಕ್ಕೆ ಮುಂಚೆ ಹೀಟರಿಗೆ ವಿದ್ಯುತ್ತನ್ನು ಎಂದಿಗೂ ಕೊಡಬಾರದು.

ಇಷ್ಟಾದರೂ ಇಂಧನದ ತೊಡಕು ಉಳಿದೇ ಇದೆ. ಯಂತ್ರವನ್ನು ಎಷ್ಟು ಬೆಚ್ಚಗಿಟ್ಟರೂ, ತೊಟ್ಟಿಯಲ್ಲಿ ಎಣ್ಣೆ ಮೇಣವಾಗಿದ್ದರೆ ಅದು ಏಳದು. ಎದ್ದರೂ ಸ್ವಲ್ಪ ದೂರದಲ್ಲಿ ನಿಲ್ಲುವುದು. ಇದಕ್ಕೆ ಉತ್ತರ ಹೀಟರಿನಲ್ಲಿಲ್ಲ, ಎಣ್ಣೆಯ ಜಾತಿಯಲ್ಲಿದೆ. ಯೂರೋಪಿನ ಮಾನದಂಡದಲ್ಲಿ ಅತಿಶೀತದ ವರ್ಗದ ಡೀಸೆಲ್ಲು ಶೂನ್ಯಕ್ಕಿಂತ 44 ಡಿಗ್ರಿ ಕೆಳಗೂ ಶೋಧಕದಲ್ಲಿ ಹಾಯುವಂತಿರಬೇಕು. ಲಡಾಖಿನಲ್ಲಿ ಸಾಮಾನ್ಯವಾದ ಡೀಸೆಲ್ಲು ಚಳಿಗಾಲದಲ್ಲಿ ಗಟ್ಟಿಯಾಗುತ್ತಿದ್ದುದರಿಂದ, ಇಂಡಿಯನ್ ಆಯಿಲ್ ಸಂಸ್ಥೆಯು ಪಾಣಿಪತದಲ್ಲಿ ತಯಾರಿಸಿದ, ಶೂನ್ಯಕ್ಕಿಂತ 33 ಡಿಗ್ರಿ ಕೆಳಗಿನವರೆಗೆ ಹರಿಯುವ ವಿಶೇಷ ಡೀಸೆಲ್ಲನ್ನು 2019ರ ನವೆಂಬರಿನಲ್ಲಿ ಅಲ್ಲಿಗೆ ಒದಗಿಸತೊಡಗಿತು. ಲೇಹ್ ಪಟ್ಟಣದ ಎತ್ತರ ಸುಮಾರು 3500 ಮೀಟರು. ಅಲ್ಲಿ ಗಾಳಿಯ ಒತ್ತಡವು ಸಮುದ್ರತೀರದ ಮೂರನೆಯ ಎರಡು ಪಾಲಿನಷ್ಟೇ. ಚಳಿಯ ಜೊತೆಗೆ ಗಾಳಿಯೂ ವಿರಳವಾದ ಅಂಥ ಸ್ಥಳದಲ್ಲಿ ತಕ್ಕ ಎಣ್ಣೆ, ತೆಳ್ಳನೆಯ ಕೀಲೆಣ್ಣೆ, ಆರೋಗ್ಯವಾದ ಬ್ಯಾಟರಿ, ಹೀಟರು ಈ ನಾಲ್ಕೂ ಕೂಡಿಯೇ ಕೆಲಸ ಮಾಡಬೇಕು. ಕೀಲೆಣ್ಣೆಯ ಡಬ್ಬಿಯ ಮೇಲೆ ಡಬ್ಲ್ಯೂ ಅಕ್ಷರದ ಹಿಂದಿರುವ ಅಂಕೆಯು ಚಳಿಗಾಲದ ಗುರುತು. 15ಕ್ಕಿಂತ 5, 5ಕ್ಕಿಂತ 0 ಹೆಚ್ಚಿನ ಚಳಿಯಲ್ಲಿ ಹರಿಯಬಲ್ಲುದು.

ಒಟ್ಟಿನಲ್ಲಿ, ಈ ವಿಚಾರದಿಂದ ತಿಳಿಯುವುದು ಇಷ್ಟು. ಅತಿ ಬಲವಾದ ಹೀಟರು ಅತಿ ಒಳ್ಳೆಯದಲ್ಲ. ಶೀತವು ಯಂತ್ರವನ್ನು ಎಲ್ಲಿ ಹಿಡಿದಿದೆಯೋ ಅಲ್ಲಿಗೆ ತಲಪುವ, ಸ್ಥಳದಲ್ಲಿ ದೊರೆಯುವ ಶಕ್ತಿಯಿಂದ ನಡೆಯುವ, ಕಾಲಕ್ಕೆ ಮುಂಚೆ ಮೆಲ್ಲನೆ ತನ್ನ ಕೆಲಸವನ್ನು ಮುಗಿಸುವ ಹೀಟರೇ ಒಳ್ಳೆಯದು. ಬೆಂಕಿ ಹಚ್ಚುವವನಿಗೂ ಈಥರು ಚಿಮ್ಮಿಸುವವನಿಗೂ ಅರಿವು ಇಲ್ಲವೆಂದಲ್ಲ; ಅವರಿಗೆ ವೇಳೆ ಉಳಿದಿರುವುದಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಗಾದೆ ಬಿಸಿಲ ನಾಡಿನಲ್ಲಿ ಹುಟ್ಟಿದುದಾದರೂ ಹಿಮದ ನಾಡಿಗೂ ಅಷ್ಟೇ ಸಲ್ಲುತ್ತದೆ. ಆದುದರಿಂದ ಹೀಟರನ್ನು ಆರಿಸುವ ಕಾಲ ಚಳಿಗಾಲವಲ್ಲ, ಎಲೆಯುದುರುವ ಕಾಲ. ಹಳೆಯ ಹೀಟರು ಇರುವವರೂ ಮೊದಲ ಹಿಮ ಬೀಳುವುದಕ್ಕೆ ಮುಂಚೆ ಒಂದು ಸಂಜೆ ತಂತಿಯನ್ನು ಪರೀಕ್ಷಿಸಿ, ವಿದ್ಯುತ್ತನ್ನು ಕೊಟ್ಟು, ಯಂತ್ರದ ಒಡಲೊಳಗೆ ನೀರು ಕಾಯುವ ಸಣ್ಣ ಸದ್ದು ಕೇಳಿಬರುವುದೇ ಎಂದು ಕ್ಷಣಕಾಲ ಕಿವಿಗೊಟ್ಟು ನಿಲ್ಲುವುದು ಮೇಲು.